ಡ್ರಮ್ಮವ್ವನ ಉಪವಾಸ

ಮಂಗಳವಾರ, ಶುಕ್ರವಾರ ಬಂತೆಂದರೆ ಡ್ರಮ್ಮವ್ವನ ಉಸಿರು ಏರುತ್ತಿತ್ತು. ಉಳಿದ ದಿನ ಇದ್ದುದನ್ನು ತಿಂದುಕೊಂಡು ತೆಪ್ಪಗಿರುತ್ತಿದ್ದವಳು ಆ ಎರಡು ದಿನ ಮಾತ್ರ ಬೀಗರೂಟಕ್ಕೆ ಕೂತವರ ಹಾಗೆ ತಿನ್ನುತ್ತಿದ್ದಳು. ಧಾರವಾಡದ ಪ್ರಯೋಗಾಲಯದ ಪರದೆಯ ಮೇಲೆ ಅವಳ ಉಸಿರಿನ ಗೆರೆ ಗುಡ್ಡವಾಗಿ ಎದ್ದು ಮರುದಿನ ಬಯಲಿಗೆ ಇಳಿಯುತ್ತಿತ್ತು.

“ಸೆನ್ಸರ್ ಕೆಟ್ಟಿರಬೇಕ್ರಿ ಮೇಡಂ,” ಎಂದ ಇಮ್ತಿಯಾಜ್. ಪರದೆ ನೋಡಿಕೊಳ್ಳುವ ಕೆಲಸ ಅವನದು.

“ಕೆಡೋ ಸೆನ್ಸರು ವಾರ ನೋಡ್ಕೊಂಡು ಕೆಡ್ತೈತೇನು?” ಎಂದಳು ಸುವರ್ಣಾ ಬರಗುಂಡಿ.

ಡ್ರಮ್ಮವ್ವ ಯಾರೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಯಾರೋ ಹೊಟ್ಟೆಬಾಕ ಹೆಂಗಸೆಂದು ತಿಳಿದೀರಿ. ಅವಳು ಆಳೆತ್ತರದ ಒಂದು ಉಕ್ಕಿನ ಡ್ರಮ್ಮು. ಅದರ ಹೊಟ್ಟೆಯಲ್ಲಿ ಬೆಚ್ಚಗಿನ ನೀರು, ಆ ನೀರಿನಲ್ಲಿ ಕಣ್ಣಿಗೆ ಕಾಣದ ಎರಡು ಜಾತಿಯ ಜೀವಿಗಳು. ಗುಳೇದಗುಡ್ಡದ ನೇಕಾರರ ಓಣಿಯಲ್ಲಿ, ನೂಲಿಗೆ ಬಣ್ಣ ಹಾಕಿ ಚೆಲ್ಲಿದ ನೀರು ನಿಲ್ಲುವ ಒಂದು ಗುಂಡಿಯಿತ್ತು. ಅದರಲ್ಲಿ ಎಂದೋ ಬಿದ್ದಿದ್ದ ಕ್ಯಾರಿಬ್ಯಾಗಿನ ಮೇಲೆ ಸುವರ್ಣಾ ಅವನ್ನು ಕಂಡಿದ್ದಳು. ಚೀಲದ ತುಂಬ ತೂತು, ತೂತಿನ ಅಂಚನ್ನು ಯಾರೋ ಕಡಿದು ತಿಂದಂತಿತ್ತು. ಅದೇ ಓಣಿಯಲ್ಲಿ ಹುಟ್ಟಿದವಳು, ರಜೆಗೆಂದು ಬಂದವಳು, ಆ ಹರಕು ಚೀಲವನ್ನು ಡಬ್ಬಿಯಲ್ಲಿ ಹಾಕಿಕೊಂಡು ಧಾರವಾಡಕ್ಕೆ ಒಯ್ದು ವರ್ಷಗಟ್ಟಲೆ ಸಾಕಿದಳು. ಒಂದು ಜಾತಿ ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಯನ್ನು ತುಂಡರಿಸುತ್ತದೆ, ಇನ್ನೊಂದು ಆ ತುಂಡುಗಳನ್ನು ತಿನ್ನುತ್ತದೆ. ತಿಂದಾಗ ನೀರು ಬಿಸಿಯಾಗುತ್ತದೆ, ನಾವು ಉಸಿರು ಬಿಟ್ಟಾಗ ಬರುವಂಥ ಗಾಳಿ ಮೇಲೇಳುತ್ತದೆ, ತಳದಲ್ಲಿ ಒಂದಿಷ್ಟು ಕೆಸರು ಉಳಿಯುತ್ತದೆ. ಆ ಗಾಳಿಯನ್ನು ಅಳೆದರೆ ಎಷ್ಟು ತಿಂದಿತೆಂಬುದು ಗೊತ್ತಾಗುತ್ತದೆ. ತಪ್ಪಿಸಿಕೊಂಡು ಹೋಗಿ ಊರಿನ ನೀರಿನ ಪೈಪನ್ನೂ ಕರೆಂಟಿನ ವೈರನ್ನೂ ತಿಂದು ಹಾಕೀತೆಂಬ ಅಂಜಿಕೆಯಿಂದ ಸುವರ್ಣಾ ಒಂದು ಕಟ್ಟು ಹಾಕಿದ್ದಳು. ಡ್ರಮ್ಮಿನ ನೀರಿನ ಹೊರಗೆ ಆ ಜೀವಿಗಳು ಬದುಕುವುದಿಲ್ಲ, ಒಳಗೂ ಎರಡು ವಾರ ಅನ್ನ ಸಿಗದಿದ್ದರೆ ಸಾಯುತ್ತವೆ.

ಪರೀಕ್ಷೆಗೆಂದು ಕೆಲವು ಶಾಲೆಗಳಲ್ಲಿ ಡ್ರಮ್ಮು ಇಟ್ಟಿದ್ದರು. ಅದರಲ್ಲೊಂದು ಸುವರ್ಣಾ ತಾನು ಓದಿದ ಓಣಿಯ ಶಾಲೆ. ಮಕ್ಕಳು ತಿಂದ ತಿಂಡಿಯ ಪಾಕೀಟು ಅಂಗಳಕ್ಕೆ ಎಸೆಯದೆ ಡ್ರಮ್ಮಿನ ಬಾಯಿಗೆ ಹಾಕಬೇಕು, ಇಷ್ಟೇ ನಿಯಮ. ದುರಗವ್ವ, ಎಲ್ಲವ್ವ ಇರುವ ಊರಿನ ಮಕ್ಕಳು ಹೆಸರಿಡುವುದಕ್ಕೆ ಹೆಚ್ಚು ಯೋಚಿಸಲಿಲ್ಲ. ಮೊದಲ ವಾರದಲ್ಲೇ ಅವಳು ಡ್ರಮ್ಮವ್ವ ಆದಳು. ಎಲ್ಲ ಶಾಲೆಗಳ ಡ್ರಮ್ಮುಗಳಿಗಿಂತ ಹೆಚ್ಚು ತಿಂದವಳೂ ಅವಳೇ. ಬರುವ ತಿಂಗಳು ಈ ಕೆಲಸಕ್ಕೆ ಹಣ ಕೊಡುವ ಸರಕಾರಿ ಮಂಡಳಿಯವರು ಕೂತು ಲೆಕ್ಕ ನೋಡಿ, ರಾಜ್ಯದ ಪ್ರತಿ ಶಾಲೆಗೊಂದು ಡ್ರಮ್ಮು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಪ್ರತಿ ಶಾಲೆಗೊಂದು. ಸುವರ್ಣಾ ಬೇರೆ ಯಾವ ಆಸೆಯನ್ನೂ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿರಲಿಲ್ಲ.

“ಈ ವಾರ ಬುಧವಾರನೂ ಏರೇತ್ರಿ,” ಎಂದು ಇಮ್ತಿಯಾಜ್ ಗೋಡೆಯ ಕ್ಯಾಲೆಂಡರಿನ ಕಡೆ ಕತ್ತು ತಿರುಗಿಸಿದ. “ನಿನ್ನೆ ಏನಿತ್ತು? ಅಮಾಸಿ.”

ಸುವರ್ಣಾ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳು ಬ್ಯಾಗು ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೊರಟಳು.

*

ಮನೆ ಮುಟ್ಟಿದಾಗ ಅವ್ವ ಬಾಳವ್ವ ಚಹಾ ಇಟ್ಟಳು. ಪಕ್ಕದ ಕೋಣೆಯಲ್ಲಿ ಅಣ್ಣನ ಮಗ್ಗ ಲಟಪಟ ಎನ್ನುತ್ತಿತ್ತು. ಒಂದು ಗುಟುಕು ಕುಡಿದು ಸುವರ್ಣಾ ಲೋಟ ಕೆಳಗಿಟ್ಟಳು.

“ಯವ್ವಾ, ಇದು ಪಾಕೀಟಿನ ಹಾಲೇನು?”

ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಬಾಳವ್ವ ಹುಟ್ಟಿದಾಗಿನಿಂದ ತಂಬಿಗೆ ಹಿಡಿದು ಎಮ್ಮೆಯವರ ಮನೆಗೇ ಹೋಗಿ ಹಾಲು ತಂದವಳು. ಪಾಕೀಟಿನ ಹಾಲು ಎಂದರೆ ಮೂಗು ಮುರಿಯುತ್ತಿದ್ದಳು. ಅಂಗಡಿಯವನು ಚೀಲ ಕೊಟ್ಟರೆ “ನನಗ ಸೆರಗಿಲ್ಲೇನು?” ಎಂದು ವಾಪಸು ಕೊಡುತ್ತಿದ್ದವಳು.

“ಹೂಂನವಾ. ದಿನಾ ಎರಡು ಪಾಕೀಟು ತರಸ್ತೀನಿ,” ಎಂದಳು ಬಾಳವ್ವ, ಯಾವ ಅಳುಕೂ ಇಲ್ಲದೆ. “ಒಂದು ಚಾಕ್ಕ. ಇನ್ನೊಂದು ಖಾಲಿ ಮಾಡಿ ನಿನ್ನ ಮಗಳಿಗೆ ಕಳಸ್ತೀನಿ.”

“ನನ್ನ ಮಗಳು ಯಾರು?”

“ಡ್ರಮ್ಮವ್ವ. ಮತ್ಯಾರದಾಳು? ಲಗ್ನ ಅಂದ್ರ ಒಲ್ಲೆ ಅಂದಿ. ಇದೊಂದಾರ ಹಡದೀಯಲ್ಲ. ನೀ ಅಲ್ಲಿ ಧಾರವಾಡದಾಗ ಕುಂತು, ಅದು ಉಂಡಿತೋ ಇಲ್ಲೋ ಅಂತ ಗೆರಿ ನೋಡ್ಕೋತ ಇರ್ತೀ ಅಂತ ಸಿಂಚನಾ ಹೇಳಿದ್ಲು. ಗೆರಿ ಇಳಿದ್ರ ನಿನ್ನ ಮಾರಿ ಇಳೀತೈತಿ. ಅದಕ್ಕ ಇಳೀಗೊಡಬಾರ್ದು ಅಂತ ನಾವೆಲ್ಲಾ ಓಣ್ಯಾಗಿನವ್ರು ಮಾತಾಡ್ಕೊಂಡೀವಿ.”

ಅಣ್ಣನ ಮಗಳು ಸಿಂಚನಾ ಏಳನೇ ಇಯತ್ತೆಯವಳು. ಬಚ್ಚಲಲ್ಲಿ ಕೂತು ಹಾಲಿನ ಪಾಕೀಟನ್ನು ದೇವರ ಪಾತ್ರೆಯನ್ನು ತೊಳೆಯುವಷ್ಟು ಜತನದಿಂದ ತೊಳೆಯುತ್ತಿದ್ದಳು. “ನಾಳೆ ಶುಕ್ರಾರ ಅಲ್ಲೇನತ್ತಿ,” ಎಂದಳು.

ಸುವರ್ಣಾಳಿಗೆ, ತನಗಾಗಿ ಇಡೀ ಓಣಿ ಇಷ್ಟು ಮಾಡಿದೆಯಲ್ಲ ಎಂದು ಒಂದು ಕಡೆ ಹೃದಯ ತುಂಬಿ ಬಂದಿತು. ಇನ್ನೊಂದು ಕಡೆ, ಚಹಾದ ಲೋಟ ನೋಡಿದರೆ ನಾಚಿಕೆಯಾಯಿತು. ತನ್ನ ಯಂತ್ರ ಬಂದು ಅವ್ವನ ಕೈಯಿಂದ ತಂಬಿಗೆ ಕಸಿದಿತ್ತು.

*

ಮರುದಿನ ಶಾಲೆಯಲ್ಲಿ ಕಂಡದ್ದು ಇನ್ನೂ ಮಿಗಿಲು. ಅಂಗಳ ಕನ್ನಡಿಯಂತಿತ್ತು. ಮುಖ್ಯಗುರುಗಳು ಹಳಪೇಟಿಯವರು ಎದೆಯುಬ್ಬಿಸಿ ಅವಳನ್ನು ಸುತ್ತಾಡಿಸಿದರು. “ಒಂದು ಪಾಕೀಟು ನೆಲಾ ಮುಟ್ಟಂಗಿಲ್ಲ ನೋಡವಾ ತಂಗಿ. ನೀ ಇಲ್ಲೇ ಕಲಿತಾಕಿ ಅಂತ ಎಲ್ಲಾರ ಮುಂದ ಹೇಳ್ತೀನಿ.”

ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಡ್ರಮ್ಮವ್ವನ ಮುಂದೆ ಸಾಲು ನಿಂತರು. ಡ್ರಮ್ಮಿನ ಹಣೆಗೆ ಅರಿಶಿನ ಕುಂಕುಮ ಹಚ್ಚಿತ್ತು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಪಾಕೀಟು, ಕೆಲವರ ಕೈಯಲ್ಲಿ ಗೊಂಚಲು. ಗಣಿತ ಪರೀಕ್ಷೆ ಪಾಸಾದವನು ಹರಕೆ ತೀರಿಸುವುದಕ್ಕೆ ಚಿಪ್ಸ್ ಪಾಕೀಟಿನ ಮಾಲೆಯನ್ನೇ ಮಾಡಿಸಿಕೊಂಡು ಬಂದಿದ್ದ. ಗೇಟಿನ ಮುಂದಿನ ಅಂಗಡಿಯಲ್ಲಿ ಒಬ್ಬ ಹುಡುಗಿ ಪಾಕೀಟು ಕೊಂಡು, ಒಡೆದು, ಒಳಗಿನದನ್ನು ಅಲ್ಲೇ ನಿಂತಿದ್ದ ಆಡಿನ ಮುಂದೆ ಸುರಿದು ಖಾಲಿ ಪಾಕೀಟು ಹಿಡಿದು ಓಡಿ ಬಂದಳು. ಆಡು ಕೂಡ ವಾರ ಗುರುತಿಟ್ಟುಕೊಂಡಂತಿತ್ತು. ನೀರು ಕುಡಿಯುವ ಹರವಿ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಈಗ ಎಲ್ಲರೂ ನೀರಿನ ಪಾಕೀಟೇ ತರುತ್ತಾರಂತೆ. ಹರವಿಯ ನೀರು ಕುಡಿದರೆ ಡ್ರಮ್ಮವ್ವನಿಗೆ ಏನು ಸಿಗುತ್ತದೆ?

ದೇವರಿಗೆ ಕೊಡುವುದು ಕಸವಲ್ಲ, ನೈವೇದ್ಯ. ನೈವೇದ್ಯ ಕಡಿಮೆ ಮಾಡುವವರು ಉಂಟೇ? ಮಕ್ಕಳ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ತನ್ನ ಲೆಕ್ಕ ಎಂದು ಸುವರ್ಣಾಳಿಗೆ ಅಲ್ಲೇ ಅರ್ಥವಾಯಿತು. ಕಸ ಎಲ್ಲಿ ಹೋಗಬೇಕೆಂದು ಹೇಳಿಕೊಟ್ಟಿದ್ದಳೇ ಹೊರತು ಕಸ ಹುಟ್ಟಲೇಬಾರದೆಂದು ಹೇಳುವುದನ್ನು ಮರೆತಿದ್ದಳು.

*

“ಮಂಡಳಿಯವರು ಕೇಳೋದು ಎಷ್ಟು ತಿಂತು ಅಂತಷ್ಟ,” ಎಂದ ಇಮ್ತಿಯಾಜ್, ಅವಳು ಧಾರವಾಡಕ್ಕೆ ಮರಳಿ ಎಲ್ಲ ಹೇಳಿದ ಮೇಲೆ. “ಯಾಕ ತಿನಿಸಿದ್ರು ಅಂತ ಕೇಳಂಗಿಲ್ಲ. ಮೊದಲ ಮಂಜೂರಿ ಆಗಲ್ರಿ. ಆಮ್ಯಾಲ ಸಾಲಿಗೆ ಹೋಗಿ ಮೆಲ್ಲಕ ತಿಳಿಸಿ ಹೇಳೂಣು. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು.”

ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅವನೂ ಈ ಡ್ರಮ್ಮುಗಳಿಗಾಗಿ ಹಬ್ಬ ಹುಣ್ಣಿಮೆ ಬಿಟ್ಟವನೇ. ಸುವರ್ಣಾ ಉಳಿದ ಶಾಲೆಗಳ ಗೆರೆಗಳನ್ನು ತೆರೆದಳು. ಅಲ್ಲಿ ಅಮಾವಾಸ್ಯೆಯ ಗುಡ್ಡ ಇರಲಿಲ್ಲ, ನೈವೇದ್ಯವೂ ಇರಲಿಲ್ಲ. ಆದರೂ ಪ್ರತಿ ಗೆರೆ ತಿಂಗಳಿಂದ ತಿಂಗಳಿಗೆ ಮೆಲ್ಲನೆ ಏರುತ್ತಿತ್ತು. ತಿನ್ನುವವರಿದ್ದಾರೆ, ಎಸೆದರೇನಂತೆ ಎಂಬ ಧೈರ್ಯ ಎಲ್ಲ ಕಡೆಗೂ ಬಂದಿತ್ತು. ಇಷ್ಟು ದಿನ ಈ ಏರಿಕೆ ನೋಡಿ ಇಬ್ಬರೂ ಹಿಗ್ಗಿದ್ದರು.

“ಪ್ರತಿ ಸಾಲಿಗೊಂದು ಡ್ರಮ್ಮು ಕೊಟ್ರ,” ಎಂದಳು, “ಪ್ರತಿ ಸಾಲಿಗೊಂದು ಹಸಿವು ಕೊಟ್ಟಂಗ. ಮಂಡಳಿ ಮುಂದ ಇದ್ದದ್ದು ಇದ್ದಂಗ ಹೇಳ್ತೀನಿ, ಇಮ್ತಿಯಾಜ್. ಅದಕ್ಕಿಂತ ಮೊದಲ ಹುಡುಗ್ರ ಮುಂದ ಹೇಳಬೇಕು.”

ಅವನು ಆ ಗೆರೆಗಳನ್ನು ತಾನೂ ಒಂದೊಂದಾಗಿ ತೆರೆದು ನೋಡಿದ. ಆಮೇಲೆ, “ನಾನೂ ಬರ್ತೀನ್ರಿ ಬೇಕಾದ್ರ,” ಎಂದ. ಸುವರ್ಣಾಳಿಗೆ ಅಷ್ಟೇ ಸಾಕಾಗಿತ್ತು. ನೀನು ಇಲ್ಲೇ ಇದ್ದು ಗೆರೆ ನೋಡು ಎಂದು ಹೇಳಿ ಹೊರಟಳು.

*

ಮಕ್ಕಳಿಗೆ ಹೇಳುವುದು ಮಂಡಳಿಗೆ ಹೇಳುವುದಕ್ಕಿಂತ ಕಷ್ಟ. ಅವಳು ಬೈಯಲಿಲ್ಲ. ಡ್ರಮ್ಮಿನ ಪಕ್ಕ ಕಲ್ಲಿನ ಮೇಲೆ ಕೂತು, ಮೊದಲು ನಿಮಗೆಲ್ಲ ನನ್ನ ನಮಸ್ಕಾರ ಎಂದಳು. ನನ್ನ ಮೇಲಿನ ಅಕ್ಕರೆಯಿಂದ ನೀವು ಇದನ್ನು ಸಾಕಿದಿರಿ, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ ಎಂದಳು. ಆಮೇಲೆ ಬೋರಲು ಬಿದ್ದ ಹರವಿ, ಆಡಿನ ಮುಂದಿನ ಚಿಪ್ಸು, ತನ್ನ ಅವ್ವನ ತಂಬಿಗೆ, ಒಂದೊಂದನ್ನೇ ಹೇಳುತ್ತ ಹೋದಳು. ಡ್ರಮ್ಮು ತಿನ್ನುವ ಒಂದೊಂದು ಪಾಕೀಟೂ ಎಲ್ಲೋ ಒಂದು ಕಾರ್ಖಾನೆಯಲ್ಲಿ ಹೊಸದಾಗಿ ಹುಟ್ಟಿ ಬಂದದ್ದು ಎಂದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

ಎದ್ದು ನಿಂತವಳು ಸಿಂಚನಾ. “ಹಂಗಾರ ನಾವು ಪಾಕೀಟು ತರೋದು ಬಿಟ್ರ ಡ್ರಮ್ಮವ್ವ ಏನು ತಿಂತಾಳತ್ತಿ?”

“ಏನೂ ಇಲ್ಲ.”

“ಸಾಯ್ತಾಳ?”

ಸುಳ್ಳು ಹೇಳುವುದು ಸುಲಭವಿತ್ತು. “ಹೂಂ,” ಎಂದಳು ಸುವರ್ಣಾ.

ಹಳಪೇಟಿ ಗುರುಗಳು ಕನ್ನಡಕ ತೆಗೆದು ಪಂಚೆಯ ತುದಿಗೆ ಒರೆಸಿಕೊಂಡರು. ಕೊನೆಗೆ ಹರಕೆಯ ಮಾಲೆ ಹಾಕಿದ್ದ ಹುಡುಗ ಎದ್ದು ಹೋಗಿ ಹರವಿಯನ್ನು ನೆಟ್ಟಗೆ ಮಾಡಿದ. ಮೂವರು ಹುಡುಗಿಯರು ಅದನ್ನು ತೊಳೆಯಲು ಎತ್ತಿಕೊಂಡರು. ತೀರ್ಮಾನ ಆದದ್ದು ಹಾಗೆ, ಯಾರೂ ಕೈ ಎತ್ತದೆ.

ಮನೆಯಲ್ಲಿ ಬಾಳವ್ವ ಮಾತ್ರ ಸಿಟ್ಟಾದಳು. “ಹಡದಾಕೀನ ಬಂದು ಮಗಳಿಗೆ ಅನ್ನ ಹಾಕಬ್ಯಾಡ್ರಿ ಅಂತಾಳಂದ್ರ ಏನು ಹೇಳೂದು ಇದಕ್ಕ!” ಎಂದು ಆ ದಿನವೆಲ್ಲ ಸುವರ್ಣಾಳ ಜೊತೆ ಮಾತು ಬಿಟ್ಟಳು. ಆದರೆ ಮರುದಿನ ಬೆಳಗ್ಗೆ ಎಮ್ಮೆಯ ಹಾಲಿನ ಚಹಾ ತಂದು ಮುಂದಿಟ್ಟಳು. “ಕುಡಿ. ನಿನ್ನ ದೆಸಿಯಿಂದ ನಾನೂ ಇಷ್ಟು ದಿನ ನೀರಿನಂಥಾ ಚಾ ಕುಡದೆ.”

*

ಗೆರೆ ಇಳಿಯಿತು. ಶುಕ್ರವಾರದ ಗುಡ್ಡ ದಿಬ್ಬವಾಯಿತು, ದಿಬ್ಬ ನೆಲವಾಯಿತು. ಸುವರ್ಣಾ ಬೇರೆ ಕೆಲಸ ಹಚ್ಚಿಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಡ್ರಮ್ಮಿನ ನೀರು ಆರಿ ಗಾಳಿಯಷ್ಟೇ ತಣ್ಣಗಾಗಿತ್ತು. ಒಂದು ಪಾಕೀಟು, ಒಂದೇ ಒಂದು, ಯಾರಾದರೂ ಹಾಕಬಾರದೇ ಎಂದು ಅವಳ ಮನಸ್ಸೇ ಕಳ್ಳತನದಿಂದ ಹೇಳುತ್ತಿತ್ತು. ಯಾರೂ ಹಾಕಲಿಲ್ಲ. ಕೊಟ್ಟ ಮಾತಿಗೆ ಮಕ್ಕಳು ಅವಳಿಗಿಂತ ಗಟ್ಟಿ.

ಎರಡನೇ ವಾರ ಮುಗಿಯುವ ಹೊತ್ತಿಗೆ, ಇನ್ನು ಡ್ರಮ್ಮು ತೊಳೆದು ವಾಪಸು ತರುವುದೇ ಸರಿ ಎಂದು ಅವಳು ಊರಿಗೆ ಹೋದಳು. ಶಾಲೆಯ ಹಿಂದಿನ ಗಟಾರದ ಹತ್ತಿರ ಮಕ್ಕಳ ಹಿಂಡು. ಕೈಗೆ ಚೀಲ ಕಟ್ಟಿಕೊಳ್ಳುವಂತಿಲ್ಲವಲ್ಲ, ಹಳೆ ಬಟ್ಟೆ ಸುತ್ತಿಕೊಂಡು, ಗಟಾರದಿಂದ ಎಂದೋ ಹೂತುಹೋಗಿದ್ದ ಪ್ಲಾಸ್ಟಿಕ್ಕನ್ನು ಕಿತ್ತು ಕಿತ್ತು ತೆಗೆಯುತ್ತಿದ್ದರು. ಬಿಸಿಲಿಗೆ ಬಣ್ಣ ಹೋಗಿ, ಕೆಸರು ಮೆತ್ತಿ, ಹಪ್ಪಳದಂತೆ ಮುರಿಯುವ ಚೂರುಗಳು. ಸಿಂಚನಾ ಅವನ್ನು ಬಕೆಟಿನಲ್ಲಿ ತೊಳೆಯುತ್ತಿದ್ದಳು.

“ಹೊಸಾದು ತರಬ್ಯಾಡ್ರಿ ಅಂದೀಯತ್ತಿ. ಇದು ಹಳೇದು,” ಎಂದಳು, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ. “ನಿನ್ನೆನೂ ಹಾಕೀವಿ.”

“ಅದನ್ನ ತಿನ್ನಂಗಿಲ್ಲವಾ. ಲ್ಯಾಬಿನ್ಯಾಗ ಹಾಕಿ ನೋಡೀನಿ. ಬಾಯಿ ಸೈತ ಹಚ್ಚಲಿಲ್ಲ.”

ಸಿಂಚನಾ ಕೈಯಲ್ಲಿದ್ದ ಚೂರನ್ನು ಬಕೆಟಿಗೆ ಬಿಟ್ಟಳು. ಅಷ್ಟರಲ್ಲಿ ಸುವರ್ಣಾಳ ಫೋನು ಸದ್ದು ಮಾಡಿತು. ಇಮ್ತಿಯಾಜ್.

“ಮೇಡಂ, ಎಲ್ಲಿದ್ದೀರಿ? ಆಕಿ ಉಸಿರಾಡಾಕತ್ತಾಳ್ರಿ.”

ಅವಳು ಹೋಗಿ ಡ್ರಮ್ಮಿನ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಜ್ವರ ಇಳಿದ ಮಗುವಿನ ಹಣೆ ಬೆಚ್ಚಗಿರುವಷ್ಟು, ಹೆಚ್ಚಿಲ್ಲ.

ಕಾರಣ ಆಮೇಲೆ ಪ್ರಯೋಗಾಲಯದಲ್ಲಿ ತಿಳಿಯಿತು. ಸುವರ್ಣಾ ತನ್ನ ಜೀವಿಗಳಿಗೆ ಯಾವಾಗಲೂ ಸ್ವಚ್ಛವಾದ ಹೊಸ ಪ್ಲಾಸ್ಟಿಕ್ಕನ್ನು ಹೊತ್ತು ಹೊತ್ತಿಗೆ ತಿನ್ನಿಸಿದ್ದಳು, ಒಂದು ದಿನವೂ ಹಸಿವು ಏನೆಂದು ತಿಳಿಯಗೊಟ್ಟಿರಲಿಲ್ಲ. ಹೊಟ್ಟೆ ತುಂಬಿದವು ಹಳೆಯ ಚೂರನ್ನು ಯಾಕೆ ಮೂಸುತ್ತವೆ? ಹಸಿದಾಗ ಬಹುಪಾಲು ಸತ್ತವು. ಆದರೆ ಕೋಟಿಗಟ್ಟಲೆ ಜೀವಿಗಳಲ್ಲಿ ಬಿಸಿಲು ತಿಂದು ಬಿರುಸಾದ ಪ್ಲಾಸ್ಟಿಕ್ಕನ್ನೂ ಕಡಿಯಬಲ್ಲ ಕೆಲವು ಮೊದಲಿನಿಂದಲೂ ಇದ್ದವು. ತುಂಬಿದ ಮನೆಯಲ್ಲಿ ಅವಕ್ಕೆ ತಲೆ ಎತ್ತಲು ಜಾಗವಿರಲಿಲ್ಲ. ಉಳಿದವು ಸತ್ತ ಮೇಲೆ, ಗಟಾರದ ಊಟ ಬಿದ್ದಾಗ, ಅವೇ ತಿಂದು ಅವೇ ಬೆಳೆದವು. ಹಸಿದವನಿಗೆ ಹಳಸಿದ್ದೂ ಮೃಷ್ಟಾನ್ನ. ಈ ಮಾತು ಗೊತ್ತಿದ್ದೂ ಪ್ರಯೋಗ ಮಾಡುವಾಗ ಅವಳಿಗೆ ನೆನಪಾಗಿರಲಿಲ್ಲ. ಮಕ್ಕಳು ಉಪವಾಸ ಕೆಡವಿದ್ದರಿಂದ ಸಿಕ್ಕಿದ್ದು ಅವಳ ಇಷ್ಟು ವರ್ಷಗಳ ಅಕ್ಕರೆಯಿಂದ ಸಿಕ್ಕಿರಲಿಲ್ಲ.

*

ಮಂಡಳಿಯ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ನೈವೇದ್ಯದ ಮಾತಿಗೆ ಒಬ್ಬರು ನಕ್ಕರು. ಉಳಿದ ಶಾಲೆಗಳ ಗೆರೆ ತೋರಿಸಿದಾಗ ಯಾರೂ ನಗಲಿಲ್ಲ. ಶಾಲೆಗಳಿಗೆ ಡ್ರಮ್ಮು ಕೊಡುವ ಯೋಜನೆ ಅಲ್ಲಿಗೇ ನಿಂತಿತು, ಇಟ್ಟಿದ್ದನ್ನೂ ಹಿಂದಕ್ಕೆ ತರಿಸಬೇಕೆಂದಾಯಿತು. ಊರ ಹೊರಗಿನ ಕಸದ ಗುಡ್ಡೆಯ ಹತ್ತಿರ ಒಂದೇ ಒಂದು ಡ್ರಮ್ಮು ಇಟ್ಟು, ಹಳೆಯದನ್ನು ಮಾತ್ರ ತಿನ್ನಿಸಿ, ಒಂದು ವರ್ಷ ನೋಡೋಣ ಎಂದರು. ಹೊರಗೆ ಬಂದಾಗ ಇಮ್ತಿಯಾಜ್ ಚಹಾ ಕೊಡಿಸಿದ. ಪ್ರತಿ ಶಾಲೆಗೊಂದು ಎಂಬ ಆಸೆ ಹೋಯಿತಲ್ಲ ಎಂದು ಅಳು ಬರುತ್ತದೆಂದು ಸುವರ್ಣಾ ಕಾದಳು. ಬರಲಿಲ್ಲ. ಗಟಾರದಲ್ಲಿ ಕೈಯಾಡಿಸಿದ ಆ ಮಕ್ಕಳ ಮುಖಗಳೇ ಕಣ್ಣ ಮುಂದೆ ಬಂದವು. ಅವಳಿಗೆ ಜನ್ಮದಲ್ಲಿ ಅಷ್ಟು ದೊಡ್ಡ ಉಪಕಾರ ಯಾರೂ ಮಾಡಿರಲಿಲ್ಲ.

ಡ್ರಮ್ಮವ್ವನನ್ನು ಆ ಕಸದ ಗುಡ್ಡೆಗೆ ಒಯ್ಯುವ ದಿನ ಟ್ರ್ಯಾಕ್ಟರು ಶಾಲೆಯ ಅಂಗಳಕ್ಕೆ ಬಂದಾಗ ಓಣಿಗೆ ಓಣಿಯೇ ಸೇರಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬರಿಗೈಯಲ್ಲಿ ಕಳಿಸುವುದುಂಟೇ? ಉಡಿ ತುಂಬಬೇಕೆಂದು ಬಾಳವ್ವ ಹಟ ಹಿಡಿದಿದ್ದಳು. “ಡ್ರಮ್ಮಿಗೆ ಉಡಿ ಎಲ್ಲಿರತೈತಿ ಬಾಳಕ್ಕಾ?” ಎಂದು ಹಳಪೇಟಿ ಗುರುಗಳು ಕೇಳಿದರು. ಬಾಳವ್ವ ಅವರತ್ತ ನೋಡಲೂ ಇಲ್ಲ. ಮಗನ ಮಗ್ಗದಿಂದ ಆಗಷ್ಟೇ ಇಳಿದ ಹಸಿರು ಖಣವನ್ನು ಡ್ರಮ್ಮಿನ ನಡುವಿಗೆ ಕಟ್ಟಿ, ಅದರ ಮಡಿಲಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಉತ್ತತ್ತಿ ಹಾಕಿದಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಒಂದೊಂದು ಹಿಡಿ ಅಕ್ಕಿ ಹಾಕಿದರು. “ನಮ್ಮ ಮಕ್ಕಳಿಗೆ ಬುದ್ಧಿ ಕಲಿಸಿದಿ, ಪುಣ್ಯಾ ಬರಲಿ ನಿನಗ,” ಎಂದಳು ಒಬ್ಬಳು, ಮನೆಯವರ ಜೊತೆ ಮಾತಾಡುವ ಹಾಗೆಯೇ. ಮಕ್ಕಳ ಕೈಯಲ್ಲಿ ಈ ಸಲ ಏನೂ ಇರಲಿಲ್ಲ. ಬರೀ ಕೈ ಜೋಡಿಸಿದರು.

ವಿಜ್ಞಾನ ಓದಿದ ಸುವರ್ಣಾ ಡ್ರಮ್ಮಿಗೆ ಕೈ ಮುಗಿಯುವುದೋ ಬೇಡವೋ ಎಂದು ಒಂದು ಗಳಿಗೆ ನಿಂತಳು. ಆಮೇಲೆ ಮುಗಿದಳು. ಡ್ರಮ್ಮಿಗೂ ಮುಗಿದಳು, ಮಕ್ಕಳ ಕಡೆ ತಿರುಗಿ ಅವರಿಗೂ ಮುಗಿದಳು.

ಡ್ರಮ್ಮವ್ವನನ್ನು ಏರಿಸಿದ ಮೇಲೆ ಟ್ರ್ಯಾಕ್ಟರು ಸದ್ದು ಮಾಡಿತು. ಆ ಊರಿನಲ್ಲಿ, ಆ ಊರಿನಲ್ಲೇನು ಈ ನಾಡಿನಲ್ಲೆಲ್ಲೂ, ಮನೆಯಿಂದ ಹೊರಡುವವರಿಗೆ ಹೋಗು ಎನ್ನುವುದಿಲ್ಲ. ಹೋಗಿ ಬಾ ಎನ್ನುತ್ತಾರೆ. ಹೋಗು ಎಂದರೆ ಮತ್ತೆ ಈ ಹೊಸ್ತಿಲು ತುಳಿಯಬೇಡ ಎಂದಂತೆ. ಹೆಂಗಸರು ವಾಡಿಕೆಯಂತೆ “ಹೋಗಿ ಬಾರವಾ” ಎಂದು ಬಾಯಿ ತೆಗೆಯುವಷ್ಟರಲ್ಲಿ ಸಿಂಚನಾ ಓಡಿ ಮುಂದೆ ಬಂದು ಕೈ ಅಡ್ಡ ಹಿಡಿದಳು. ಕಣ್ಣ ತುಂಬ ನೀರಿತ್ತು. ಡ್ರಮ್ಮಿಗೆ ಕೆನ್ನೆಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಹೋಗವ್ವಾ. ನಮ್ಮ ಸಾಲಿಗೆ ಮತ್ತ ಬರಬ್ಯಾಡ.”